ಮುಖವಿಲ್ಲದ ಚುಕ್ಕಾಣಿಗ

“ಕೆಳಗೆ ನೋಡು ಇಲ್ದಾ!” ಅಂದ ನೆಲಿಯು.

ನೋಡಿದೆ.

ನೋಡದೆ ಬೇರೆ ದಾರಿ ಇರಲಿಲ್ಲ. ನನ್ನ ಕಾಲರ್ ಅವನ ಮುಷ್ಟಿಯಲ್ಲಿತ್ತು. ನನ್ನ ಅರ್ಧ ದೇಹ ಕಂಬಿಯ ಈಚೆಗೆ, ಇನ್ನರ್ಧ ಆಚೆಗೆ. ದೀಪಸ್ತಂಭದ ಬುಡದಲ್ಲಿ ನಿಂತಿದ್ದ ಕಾರುಗಳು ಬೆಂಕಿಪೊಟ್ಟಣದಷ್ಟು ಕಾಣುತ್ತಿದ್ದವು.

“ಎಷ್ಟು ಎತ್ತರ ಗೊತ್ತಾ?”

“ಗೊತ್ತು. ಟಿಕೆಟ್ ಹಿಂದೆ ಬರೆದಿದೆ.”

“ನಿನ್ನ ಬಾಯಿಗಷ್ಟು...!”

“ಬೈಯೋದು ಆಮೇಲೆ. ಮೊದಲು ಬಲಗಡೆ ತಿರುಗಿ ನೋಡು ಮಾರಾಯ.”

ತಿರುಗಿದ.

ಹದಿನಾಲ್ಕು ಪ್ರವಾಸಿಗಳು. ಹದಿನಾಲ್ಕು ಮೊಬೈಲುಗಳು! ಹುಲ್ಲಿನ ಟೋಪಿಯ ಹೆಂಗಸೊಬ್ಬಳು ಹಲ್ಲು ಬಿಡುತ್ತಾ ಮುಂದೆ ಬಂದಳು.

“ಗಂಡ ಹೆಂಡ್ತೀನಾ? ಎಷ್ಟು ಚೆನ್ನಾಗಿ ಆಟ ಆಡ್ತೀರಪ್ಪ! ಹಾಗೇ ಇರಿ, ಒಂದು ಫೋಟೊ ತೆಗೀತೀನಿ.”

ನನಗೆ ಐವತ್ತಮೂರು, ಅವನಿಗೆ ಇಪ್ಪತ್ತೆಂಟು. ನೆಲಿಯು ಪೆಕರನ ಹಾಗೆ ನಕ್ಕ. ಸಾಯುವುದಾದರೂ ನಕ್ಕೇ ಸಾಯೋಣ ಅಂತ ನಾನೂ ನಕ್ಕೆ.

ಕ್ಲಿಕ್!

ಈ ಅವಸ್ಥೆಗೆ ನಾನು ಹೇಗೆ ಬಂದೆ ಅಂತ ನೀವು ಕೇಳುತ್ತೀರಿ. ಹೇಳುತ್ತೇನೆ. ಕತೆ ಆ ಬೆಳಿಗ್ಗೆ ಹತ್ತಕ್ಕೆ, ಒಂದು ಕಾಫಿ ಅಂಗಡಿಯಲ್ಲಿ ಶುರುವಾಯಿತು.

ನಾನು ಇಲ್ದಾ ವರೆಲಾ. ಅವೇಯ್ರು ಪಟ್ಟಣದಲ್ಲಿ ಯಾರಿಗಾದರೂ ತಾವೇ ಮಾಡಲು ನಾಚಿಕೆಯಾಗುವ ಕೆಲಸವಿದ್ದರೆ ನನಗೆ ಫೋನ್ ಮಾಡುತ್ತಾರೆ. ಅವತ್ತು ಕರೆದವನು ಗಮೇಲಸ್. ಏಳು ಪ್ರವಾಸಿ ಬೋಟುಗಳ ಯಜಮಾನ. ದೊಡ್ಡ ಹೊಟ್ಟೆ, ಒಂದು ಚಿನ್ನದ ಹಲ್ಲು. ಎದುರಿಗಿದ್ದ ಮೊಟ್ಟೆಯ ಸಿಹಿಯನ್ನು ಮುಟ್ಟಿಯೂ ನೋಡಿರಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

“ಅವಳು ನನ್ನ ಚಿತ್ರ ಬರೆದಿದ್ದಾಳೆ!” ಅಂದ.

“ಯಾರು?”

“ಜುಲ್ಮೀರಾ! ದೋಣಿಗೆ ಬಣ್ಣ ಬಳಿಯೋ ಮುದುಕಿ! ನನ್ನ ಅಳಿಯ ನೆಲಿಯು ಅವಳ ಶೆಡ್ಡಲ್ಲಿ ಇಣುಕಿ ನೋಡ್ಕೊಂಡು ಬಂದಿದ್ದಾನೆ! ನಾನು ಚುಕ್ಕಾಣಿ ಹಿಡಿದಿದ್ದೀನಿ, ಕೈಯಲ್ಲಿ ಬಾಟಲಿ, ದೋಣಿ ಹೋಗಿ ಮರಳ ದಿಬ್ಬ ಹತ್ತಿದೆ... ಸಂಜೆ ನಾಲ್ಕಕ್ಕೆ ಇಡೀ ಊರು ನೋಡತ್ತೆ ಇಲ್ದಾ!”

ನಮ್ಮ ಹಿನ್ನೀರಿನಲ್ಲಿ ಹಿಂದೆ ಪಾಚಿ ಹೊರುತ್ತಿದ್ದ ಹಳೆಯ ದೋಣಿಗಳನ್ನು ನೀವೂ ನೋಡಿರಬೇಕು. ಮೇಲಕ್ಕೆ ಬಾಗಿದ ಮೂತಿ, ಮೂತಿಯ ಮೇಲೆ ಬಣ್ಣದ ಚಿತ್ರದ ಹಲಗೆ. ಒಂದು ಬದಿಗೆ ದೇವರು, ಇನ್ನೊಂದು ಬದಿಗೆ ಪೋಲಿ ತಮಾಷೆ. ಯಾರ ಮಾನ ಯಾವ ವರ್ಷ ಹಲಗೆ ಹತ್ತುತ್ತದೋ ಹೇಳಲಾಗದು. ಪಾದ್ರಿ ಹತ್ತಿದ್ದಾನೆ, ಬ್ಯಾಂಕಿನ ಮ್ಯಾನೇಜರ್ ಹತ್ತಿದ್ದಾನೆ, ನನ್ನ ಮಾಜಿ ಗಂಡ ಎರಡು ಸಲ ಹತ್ತಿದ್ದಾನೆ. ಹತ್ತಿದವರು ಹಲ್ಲು ಕಚ್ಚಿಕೊಂಡು ನಗುತ್ತಾರೆ. ವರ್ಷಕ್ಕೊಮ್ಮೆ ಸ್ಪರ್ಧೆ ನಡೆಯುತ್ತದೆ. ತೀರ್ಪುಗಾರರ ಮುಖ್ಯಸ್ಥ ಬಂದರಿನ ಕಪ್ತಾನ.

“ನಕ್ಕು ಸುಮ್ಮನಾಗಿ ಸೆನ್ಯೋರ್. ಎಲ್ಲರೂ ಹಾಗೇ ಮಾಡೋದು.”

“ಆಗಲ್ಲ! ಅದರ ಮೇಲೆ ಕರಿ ಬಣ್ಣ ಹೊಡಿ. ಅಷ್ಟೇ ಕೆಲಸ.”

ಬಣ್ಣದ ಡಬ್ಬಿಯನ್ನು ಅವನೇ ಕೊಟ್ಟ. ಜೊತೆಗೆ ಅವನದೇ ಕಂಪನಿಯ ಒಂದು ದಿನದ ಪ್ರವಾಸದ ಟಿಕೆಟ್. ದೀಪಸ್ತಂಭ ಹತ್ತುವುದು, ಅಳಿವೆಯಲ್ಲಿ ದೋಣಿ ವಿಹಾರ, ಮೀನಿನ ಊಟ. ಪ್ರವಾಸಿಯ ಮೇಲೆ ಯಾರಿಗೂ ಸಂಶಯ ಬರುವುದಿಲ್ಲವಂತೆ! ನಾನು ಹುಟ್ಟಿದ ಊರಿಗೆ ನಾನೇ ಬಸ್ಸಿನಲ್ಲಿ ಕೂತು, ಕತ್ತಿಗೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿಕೊಂಡು ಪ್ರವಾಸ ಹೊರಟೆ. ಗೈಡ್ ಹುಡುಗಿ ಕಡಲನ್ನು ತೋರಿಸಿ “ಇದು ಕಡಲು” ಅಂದಳು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.

ಜುಲ್ಮೀರಾಳ ಮರದ ಶೆಡ್ ಇರುವುದು ದೀಪಸ್ತಂಭದ ಹಿಂದೆ, ನೀರಿನ ಅಂಚಿನಲ್ಲಿ. ಮಂದಿ ಐಸ್‌ಕ್ರೀಮಿಗೆ ಸಾಲು ನಿಂತಾಗ ನಾನು ಜಾರಿಕೊಂಡೆ. ಬಾಗಿಲು ತೆರೆದೇ ಇತ್ತು. ಒಳಗೆ ದೋಣಿ. ಹಲಗೆಯ ಮೇಲೆ ಬಟ್ಟೆ ಹೊದಿಸಿತ್ತು. ಎತ್ತಿದೆ.

ಚುಕ್ಕಾಣಿ ಇತ್ತು. ಬಾಟಲಿ ಇತ್ತು. ದಿಬ್ಬ ಹತ್ತಿದ ದೋಣಿಯೂ ಇತ್ತು. ಹೊಟ್ಟೆಯಂತೂ ಭರ್ಜರಿಯಾಗಿತ್ತು.

ಮುಖ ಇರಲಿಲ್ಲ!

ಕತ್ತಿನ ಮೇಲೆ ಮೊಟ್ಟೆಯಾಕಾರದ ಬಿಳಿ ಜಾಗ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ.

“ಮುಖ ಕೊನೆಗೆ,” ಅಂತ ಹಿಂದಿನಿಂದ ದನಿ ಬಂತು.

ಜುಲ್ಮೀರಾ. ಎಪ್ಪತ್ತು ದಾಟಿದ ಹೆಂಗಸು, ಕೈಯಲ್ಲಿ ಸೂಪಿನ ಬಟ್ಟಲು.

“ಮೊದಲೇ ಬರೆದ್ರೆ ಒಬ್ಬ ಬಂದು ಅಳ್ತಾನೆ, ಇನ್ನೊಬ್ಬ ಬಂದು ಕಾಲು ಹಿಡೀತಾನೆ. ಅದಕ್ಕೇ ಮುಖಾನ ತೀರ್ಪಿನ ಹೊತ್ತಿಗೆ, ದಡದಲ್ಲಿ ಬರೀತೀನಿ. ನೀವ್ಯಾರು?”

“ಪ್ರವಾಸಿ.”

“ಇಲ್ದಾ ವರೆಲಾ ಯಾವಾಗಿಂದ ಪ್ರವಾಸಿ ಆದ್ಲು?”

ಸಣ್ಣ ಊರು. ಇಲ್ಲಿ ವೇಷ ಹಾಕುವುದು ದಂಡ. ಡಬ್ಬಿಯ ಮುಚ್ಚಳ ಇಣುಕುತ್ತಿದ್ದ ಬ್ಯಾಗನ್ನು ಬೆನ್ನ ಹಿಂದೆ ಸರಿಸಿದೆ.

“ಯಾರ ಮುಖ ಬರೀತೀರಿ?”

ಅವಳು ಸೂಪಿನ ಬಟ್ಟಲನ್ನು ಕೆಳಗಿಟ್ಟಳು.

“ನನ್ನ ತಮ್ಮಂದು.”

ಎರ್ಮಿನಿಯು! ಹೊಟ್ಟೆಯಲ್ಲಿ ಗಮೇಲಸನಿಗೇನೂ ಕಡಿಮೆಯಿಲ್ಲದವನು, ಮೂವತ್ತು ವರ್ಷ ಈ ಅಳಿವೆಯಲ್ಲಿ ದೋಣಿ ನಡೆಸಿದವನು. ಫೆಬ್ರವರಿಯಲ್ಲಿ ಮಂಜು ಕವಿದ ಒಂದು ಮಧ್ಯಾಹ್ನ ಗಮೇಲಸನ ದೋಣಿ ಚಿಪ್ಪು ಹೆಕ್ಕುವವನೊಬ್ಬನ ಮೇಲೆ ಹತ್ತಿ, ಅವನ ಕಾಲು ಮುರಿದು, ಆಮೇಲೆ ಮರಳ ದಿಬ್ಬಕ್ಕೆ ಹೊಡೆದಿತ್ತು. ದೋಣಿಯಲ್ಲಿ ಸಿಕ್ಕವನು ಎರ್ಮಿನಿಯು ಒಬ್ಬನೇ. ತಲೆಗೆ ಹಾಯಿಯ ಅಡ್ಡಕಂಬ ಬಡಿದಿತ್ತು, ಎಚ್ಚರವಿರಲಿಲ್ಲ. ಎದ್ದಾಗ ಆ ದಿನದ ಒಂದು ಗಳಿಗೆಯೂ ನೆನಪಿರಲಿಲ್ಲ.

“ನೀನೇ ಕುಡಿದು ನಡೆಸಿದ್ದು ಅಂತ ಗಮೇಲಸ್ ಹೇಳ್ದ. ತನಗೆ ಅವತ್ತು ಜ್ವರ, ಮನೇಲಿ ಮಲಗಿದ್ದೆ ಅಂತ ವಿಚಾರಣೇಲಿ ಪ್ರಮಾಣ ಮಾಡ್ದ. ನನ್ನ ತಮ್ಮ ನಂಬಿಬಿಟ್ಟ. ಪ್ರತಿ ಭಾನುವಾರ ಮೊಟ್ಟೆ ಬುಟ್ಟಿ ಹಿಡ್ಕೊಂಡು ಆ ಕಾಲು ಮುರಿದವನ ಬಾಗಿಲಲ್ಲಿ ಹೋಗಿ ನಿಲ್ತಾನೆ. ಇವತ್ತು ಸ್ಪರ್ಧೆ ಮುಗಿದ ಮೇಲೆ ಕಪ್ತಾನರ ಕೈಗೆ ಲೈಸೆನ್ಸ್ ಒಪ್ಪಿಸ್ತಾನಂತೆ.”

“ಅಂಥವನ ಮುಖ ಹಲಗೆ ಮೇಲಾ?”

“ಅವನೇ ಕೇಳ್ದ. ಜನ ಒಂದು ಸಲ ನಕ್ಕುಬಿಟ್ರೆ ಮರೀತಾರೆ ಅಕ್ಕ, ಅಯ್ಯೋ ಪಾಪ ಅಂತ ಶುರು ಮಾಡಿದ್ರೆ ನನಗೆ ಬೀದೀಲಿ ನಡೆಯೋಕಾಗಲ್ಲ ಅಂದ.”

ಅವಳ ಕಣ್ಣು ಒದ್ದೆಯಾಗಿತ್ತು. ನನ್ನ ತಲೆ ಮಾತ್ರ ಬೇರೆ ಕಡೆ ಓಡುತ್ತಿತ್ತು.

ಜ್ವರ ಬಂದು ಮನೆಯಲ್ಲಿ ಮಲಗಿದ್ದವನು, ಮುಖವೇ ಇಲ್ಲದ ಚಿತ್ರದಲ್ಲಿ ತನ್ನನ್ನು ಯಾಕೆ ಕಂಡ?

ಗೋಡೆಯಲ್ಲೊಂದು ಬಿರುಕಿತ್ತು. ಬಗ್ಗಿ ನೋಡಿದೆ. ಹೊರಗಿನಿಂದ ಇಣುಕಿದವನಿಗೆ ಹೊಟ್ಟೆ ಕಾಣುತ್ತದೆ, ಬಾಟಲಿ ಕಾಣುತ್ತದೆ, ತಲೆಗೆ ಮಾತ್ರ ಅಡ್ಡ ಕಂಬ. ಇಣುಕಿದವನು ಗಮೇಲಸನ ಅಳಿಯ ನೆಲಿಯು. ಅವನು ಕಂಡಷ್ಟನ್ನು ಹೋಗಿ ಹೇಳಿದ್ದಾನೆ. ಮುಖವನ್ನು ಮಾವನ ಅಳುಕೇ ಬರೆದುಕೊಂಡಿದೆ!

ನನಗೆ ಮೈಯೆಲ್ಲ ಉರಿಯಿತು. ಮೊದಲು ಗಮೇಲಸನ ಮೇಲೆ, ಆಮೇಲೆ ಬ್ಯಾಗಿನಲ್ಲಿದ್ದ ಡಬ್ಬಿಯ ಮೇಲೆ, ಆಮೇಲೆ ಆ ಡಬ್ಬಿ ಹೊತ್ತು ತಂದ ನನ್ನ ಮೇಲೆ.

ಅಲ್ಲಿಯೇ ಜುಲ್ಮೀರಾಗೆ ಎಲ್ಲ ಹೇಳಬೇಕಿತ್ತು. ಹೇಳಲಿಲ್ಲ. ಮೊದಲು ಗಿರಾಕಿಗೆ ಫೋನ್ ಮಾಡುವುದು ನನ್ನ ಹಳೆಯ ಕೆಟ್ಟ ಚಾಳಿ. ಹೊರಗೆ ಬಂದೆ.

“ಕೆಲಸ ಆಯ್ತಾ?” ಅಂದ ಗಮೇಲಸ್.

“ಆಗಲ್ಲ. ಒಂದು ಪ್ರಶ್ನೆ ಇದೆ. ಫೆಬ್ರವರಿಯ ಆ ಜ್ವರ ಎಷ್ಟು ಡಿಗ್ರಿ ಇತ್ತು ಸೆನ್ಯೋರ್?”

ಫೋನ್ ಕಟ್!

ಎರಡು ನಿಮಿಷದಲ್ಲಿ ನೆಲಿಯುವಿನ ವ್ಯಾನ್ ಬಂದು ನಿಂತಿತು. ಮಾವನ ಕಾವಲು ನಾಯಿ ಪಕ್ಕದ ಬೀದಿಯಲ್ಲೇ ಇತ್ತು ಅನ್ನಿ. ಓಡಿದೆ. ನನ್ನ ಪ್ರವಾಸದ ಮಂದಿ ದೀಪಸ್ತಂಭದ ಬಾಗಿಲಲ್ಲಿ ಟಿಕೆಟ್ ತೋರಿಸುತ್ತಿದ್ದರು. ಅವರ ನಡುವೆ ನುಗ್ಗಿದೆ. ಮುನ್ನೂರಕ್ಕೆ ಹತ್ತಿರ ಮೆಟ್ಟಿಲು! ಮೇಲೆ ಹೋದವಳಿಗೆ ಇಳಿಯಲು ಅದೇ ಒಂದು ದಾರಿ ಅನ್ನುವುದು ಇನ್ನೂರನೆಯ ಮೆಟ್ಟಿಲಲ್ಲಿ ಹೊಳೆಯಿತು.

ಹೀಗೆ ನಾನು ಕಂಬಿಗೆ ನೇತುಬಿದ್ದಿದ್ದೆ.

ಫೋಟೊ ಮುಗಿಯಿತು. ನೆಲಿಯುವಿನ ನಗೆಯೂ ಮುಗಿಯಿತು.

“ನಾಲ್ಕೂವರೆವರೆಗೂ ನೀನು ಇಲ್ಲಿಂದ ಅಲ್ಲಾಡಬಾರದು. ಮಾವ ಹೇಳಿದ್ದಾರೆ.”

“ಅಲ್ಲಾಡಿದ್ರೆ?”

“ಮೆಟ್ಟಿಲಿಲ್ಲದೆ ಇಳೀತೀಯ!”

ಆಗ ಬಾಗಿಲಲ್ಲಿ ಬಿಳಿ ಸಮವಸ್ತ್ರ ಕಾಣಿಸಿತು. ದೀಪಸ್ತಂಭದ ಕಾವಲುಗಾರ ಸಾರ್ಜೆಂಟ್ ಕ್ವರೆಜ್ಮಾ. ಈ ಮನುಷ್ಯನಿಗೆ ದೇವರಿಗಿಂತ ನಿಯಮದ ಮೇಲೆ ಭಕ್ತಿ ಜಾಸ್ತಿ.

“ಒಂದು ಸಲಕ್ಕೆ ಹದಿನೈದು ಜನ!” ಅಂತ ಗುಡುಗಿದ. ಎಣಿಸಿದ. ಇನ್ನೊಮ್ಮೆ ಎಣಿಸಿದ. “ಹದಿನಾರು ಇದ್ದೀರಿ! ಟಿಕೆಟ್ ಇಲ್ಲದೆ ಹತ್ತಿದ ಮಹಾರಾಯ ಯಾರು?”

ನಾನು ಒಂದು ಕೈ ಎತ್ತಿ ಟಿಕೆಟ್ ಬೀಸಿದೆ. ಅದೇ ಕೈಯಿಂದ ನೆಲಿಯುವನ್ನು ತೋರಿಸಿದೆ.

“ಸಾರ್, ಇವಳು ಕಳ್ಳಿ...!” ಅಂದ ನೆಲಿಯು.

“ಅವರ ಹತ್ರ ಟಿಕೆಟ್ ಇದೆ. ನಿನ್ನ ಹತ್ರ?”

“ನಾನು ಗಮೇಲಸರ ಅಳಿಯ!”

“ಬುಧವಾರ ಟಿಕೆಟ್ ಇದ್ದವರ ದಿನ. ಅಳಿಯಂದಿರಿಗೆ ಅಂತ ಬೇರೆ ದಿನ ಇಲ್ಲ. ಅವರ ಬಟ್ಟೆ ಬಿಡು! ಹೆಸರು ಹೇಳು, ಬರ್ಕೋಬೇಕು.”

ಮುಷ್ಟಿ ಸಡಿಲವಾಯಿತು. ನಾನು ಕಂಬಿಯ ಈಚೆಗೆ ಜಾರಿಕೊಂಡೆ... ಇಳಿದೆ... ತಿರುಗಿ ತಿರುಗಿ ತಲೆ ಗಿರ್ರೆಂದಿತು. ಕೆಳಗೆ ಮುಟ್ಟಿದಾಗ ಗಂಟೆ ಮೂರೂ ಕಾಲು. ಶೆಡ್ ಖಾಲಿ! ದೋಣಿಯನ್ನು ಅಳಿವೆಯ ಆಚೆ ದಡಕ್ಕೆ ಒಯ್ದಾಗಿತ್ತು. ಸ್ಪರ್ಧೆಗಾಗಿ ಸೇತುವೆ ಮುಚ್ಚಿದ್ದರು.

ಉಳಿದದ್ದು ಬಾಡಿಗೆಯ ತುಳಿಯುವ ಬೋಟುಗಳು. ಅದರಲ್ಲೂ ಕೊನೆಯದು. ಹಳದಿ ಬಾತುಕೋಳಿ.

ನೀವು ನಗಬೇಡಿ. ಅಳಿವೆಯ ಅರ್ಧಕ್ಕೆ ಬಂದಾಗ ಹಿಂದಿನಿಂದ ಮೋಟಾರಿನ ಸದ್ದು ಕೇಳಿಸಿತು. ನೆಲಿಯು, ಮಾವನ ಸ್ಪೀಡ್‌ಬೋಟಿನಲ್ಲಿ! ಅವನ ವೇಗ ಗಂಟೆಗೆ ಎಂಬತ್ತು ಕಿಲೋಮೀಟರ್, ನನ್ನದು ನಾಲ್ಕು. ಇದ್ದ ಬಲವನ್ನೆಲ್ಲ ಹಾಕಿ ತುಳಿದೆ!

“ನಿಲ್ಸೇ!”

“ಬ್ರೇಕ್ ಇಲ್ಲ ಕಣೋ!”

ನೀರು ಇಳಿತದಲ್ಲಿತ್ತು. ಇಲ್ಲಿನ ಮರಳ ದಿಬ್ಬ ಚಳಿಗಾಲಕ್ಕೊಂದು ಜಾಗ ಬದಲಿಸುತ್ತದೆ. ಎರ್ಮಿನಿಯುವಿನಂಥವರು ನೀರಿನ ಬಣ್ಣ ನೋಡಿಯೇ ಅದನ್ನು ಗುರುತಿಸುತ್ತಾರೆ. ನಾನೂ ಇಲ್ಲಿಯ ಮೀನುಗಾರನ ಮಗಳು. ಬಾತುಕೋಳಿಯನ್ನು ನೇರ ತಿಳಿ ಹಸಿರಿನ ಕಡೆಗೆ ತಿರುಗಿಸಿದೆ. ಅದಕ್ಕೆ ಒಂದು ಗೇಣು ನೀರು ಸಾಕು.

ಸ್ಪೀಡ್‌ಬೋಟಿಗೆ ಸಾಲದು.

ಧಡ್! ಮೋಟಾರು ಕಿರುಚಿ ಸತ್ತಿತು. ನೆಲಿಯು ನೆಗೆದ. ತೊಡೆಯವರೆಗೆ ಕೆಸರು!

“ಇಲ್ದಾ! ಎಳ್ಕೊಳ್ಳೇ! ಒಳಗೆ ಹೋಗ್ತಿದ್ದೀನಿ!”

“ಅಲ್ಲಾಡಬೇಡ. ನಾಲ್ಕೂವರೆಗೆ ನೀರು ಏರತ್ತೆ.”

ಮಾವ ಹೊಡೆದ ಜಾಗದಲ್ಲೇ ಅಳಿಯನೂ ಹೊಡೆದಿದ್ದ. ವಂಶದ ಕಲೆ ಅನ್ನಬೇಕು.

ದಡ ಸೇರಿದಾಗ ನಾಲ್ಕಕ್ಕೆ ಐದು ನಿಮಿಷ. ಸುಟ್ಟ ಮೀನಿನ ವಾಸನೆ, ಬ್ಯಾಂಡಿನವರ ಗದ್ದಲ, ಸಾವಿರ ಜನ. ಜುಲ್ಮೀರಾ ಬಟ್ಟೆ ಹೊದಿಸಿದ ಹಲಗೆಯ ಮುಂದೆ ಮಣೆ ಹಾಕಿ ಕೂತು ಬಣ್ಣ ಕಲಸುತ್ತಿದ್ದಳು. ಪಕ್ಕದಲ್ಲಿ ಎರ್ಮಿನಿಯು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಲೈಸೆನ್ಸ್ ಹಿಡಿದು, ಶಾಲೆಯ ಮೊದಲ ದಿನದ ಮಗುವಿನ ಹಾಗೆ ನಿಂತಿದ್ದ.

“ಬ್ರಷ್ ಅದ್ದಬೇಡಿ,” ಅಂತ ಅವಳ ಕಿವಿಯಲ್ಲಿ ಹೇಳಿದೆ. “ಅದು ನಿಮ್ಮ ತಮ್ಮನ ಮುಖ ಅಲ್ಲ. ಐದೇ ನಿಮಿಷ ಕೊಡಿ.”

ಗಮೇಲಸ್ ಗಣ್ಯರ ಸಾಲಿನಲ್ಲಿ, ಕಪ್ತಾನರ ಪಕ್ಕದಲ್ಲೇ ಕೂತಿದ್ದ. ನೀರು ಸೋರುತ್ತಾ ಹೋಗಿ ಅವನ ಹಿಂದೆ ಬಗ್ಗಿದೆ.

“ಕ್ಷಮಿಸಿ ಸೆನ್ಯೋರ್. ಕೆಲಸ ಕೈತಪ್ಪಿತು. ಬಟ್ಟೆಯ ಕೆಳಗೆ ನಿಮ್ಮ ಮುಖ ಎಷ್ಟು ಚೆನ್ನಾಗಿ ಬಂದಿದೆ ಅಂತೀರಿ! ಚಿನ್ನದ ಹಲ್ಲು ಕೂಡ ಬಿಟ್ಟಿಲ್ಲ.”

ಅವನ ಕತ್ತು ಕೆಂಪಾಯಿತು. ನಾನು ಇನ್ನೊಂದು ಮಾತು ಸೇರಿಸಿದೆ.

“ಬಾಟಲಿಯನ್ನು ಬಾಯಿಗೇ ಇಟ್ಟಿದ್ದಾಳೆ.”

ಅಷ್ಟೇ! ಕುರ್ಚಿ ಉರುಳಿತು. ಬ್ಯಾಂಡ್ ನಿಂತಿತು.

“ಸುಳ್ಳು!” ಅಂತ ಕೂಗಿದ ಗಮೇಲಸ್. “ಅಳಿಸು ಅದನ್ನ! ನನ್ನ ಮುಖ ಅಳಿಸು! ಅವತ್ತು ಬಾಟಲಿ ನನ್ನ ಕೈಯಲ್ಲಿರಲಿಲ್ಲ! ಹಗ್ಗದ ಪೆಟ್ಟಿಗೆಯೊಳಗಿತ್ತು! ಎರಡೇ ಗುಟುಕು ಕುಡಿದಿದ್ದೆ!”

ಜುಲ್ಮೀರಾ ಬಟ್ಟೆ ಎಳೆದಳು.

ಬಿಳಿ ಮೊಟ್ಟೆ! ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ.

ಕಪ್ತಾನ ನಿಧಾನವಾಗಿ ಎದ್ದ.

“ಸೆನ್ಯೋರ್ ಗಮೇಲಸ್, ಇದರಲ್ಲಿ ಮುಖವೇ ಇಲ್ಲವಲ್ಲ. ಮತ್ತೆ... ಜ್ವರ ಬಂದು ಮನೇಲಿ ಮಲಗಿದ್ದವರಿಗೆ ದೋಣಿಯ ಹಗ್ಗದ ಪೆಟ್ಟಿಗೆ ಹೇಗೆ ಕಾಣಿಸ್ತು?”

ಮೊದಲು ಒಬ್ಬ ಮುದುಕ ನಕ್ಕ. ಆಮೇಲೆ ಇಡೀ ದಡ ನಕ್ಕಿತು. ಬಂದರಿನ ಇಬ್ಬರು ಪೊಲೀಸರು ಗಮೇಲಸನ ಎರಡೂ ಕಡೆ ಬಂದು ನಿಂತರು.

ಎರ್ಮಿನಿಯು ಮಾತ್ರ ನಗಲಿಲ್ಲ.

“ಅಕ್ಕ... ಹಾಗಾದ್ರೆ ಅವನ ಕಾಲು ಮುರಿದಿದ್ದು ನಾನಲ್ವಾ?”

“ಅಲ್ಲ ಕಣೋ. ನೀನಲ್ಲ.”

ಲೈಸೆನ್ಸನ್ನು ಅಂಗಿಯ ಜೇಬಿಗೆ ತುರುಕಲು ನೋಡಿದ. ಎರಡು ಸಲ ತಪ್ಪಿತು. ಮೂರನೆಯ ಸಲ ಅಕ್ಕನೇ ಇಟ್ಟಳು. ನಾನು ಬೇರೆ ಕಡೆ ತಿರುಗಿದೆ. ಅಳು ಬಂದಿತ್ತು, ನಿಮಗೆ ಹೇಳಲು ನಾಚಿಕೆಯೇನು?

“ಜುಲ್ಮೀರಾ,” ಅಂದ ಕಪ್ತಾನ, “ಮುಖ ಇಲ್ಲದ ಹಲಗೆ ಸ್ಪರ್ಧೆಗೆ ಬರಲ್ಲ. ಹತ್ತು ನಿಮಿಷ ಇದೆ.”

“ಗಮೇಲಸನ್ನ ಬರೀರಿ!” ಅಂತ ಯಾರೋ ಕೂಗಿದರು.

“ಅವನ ಮುಖ ಅವನೇ ಬರ್ಕೊಂಡಾಯ್ತು. ನನ್ನ ಬಣ್ಣ ಯಾಕೆ ದಂಡ?”

ಅವಳ ಕಣ್ಣು ಗುಂಪಿನಲ್ಲಿ ಹುಡುಕಿತು. ಹುಡುಕಿ ಹುಡುಕಿ ನನ್ನ ಮೇಲೆ ನಿಂತಿತು.

“ಇಲ್ದಾ, ಶೆಡ್ಡಿಗೆ ಬಂದಾಗ ನಿಮ್ಮ ಬ್ಯಾಗಲ್ಲಿ ಕರಿ ಬಣ್ಣದ ಡಬ್ಬಿ ಯಾಕಿತ್ತು?”

ನಾನು ಬ್ಯಾಗನ್ನು ಮತ್ತೆ ಬೆನ್ನ ಹಿಂದೆ ಸರಿಸಿದೆ. ಅವಳು ಬ್ರಷ್ ಅದ್ದಿದಳು.

ಆ ಹಲಗೆಗೆ ಎರಡನೆಯ ಬಹುಮಾನ ಬಂತು. ಈಗಲೂ ದಿನಕ್ಕೆ ನಾಲ್ಕು ಸಲ ಎರ್ಮಿನಿಯು ಆ ದೋಣಿಯಲ್ಲಿ ಪ್ರವಾಸಿಗಳನ್ನು ದೀಪಸ್ತಂಭದವರೆಗೆ ಕರೆದೊಯ್ಯುತ್ತಾನೆ. ಎಲ್ಲರೂ ಮೂತಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಹೊಟ್ಟೆ ನನ್ನದಲ್ಲ. ಮೂಗು ನನಗಿರುವುದಕ್ಕಿಂತ ಎರಡು ಪಟ್ಟು ದೊಡ್ಡದು. ವಕೀಲ ಸ್ನೇಹಿತ ಕೇಸು ಹಾಕು ಅನ್ನುತ್ತಾನೆ.

ಹಾಕುವುದಿಲ್ಲ. ಹಾಕಿದರೆ ಅದು ನಾನೇ ಅಂತ ಒಪ್ಪಿಕೊಂಡ ಹಾಗಾಗುತ್ತದಲ್ಲ!