ಕುಳ್ಳತ್ತೆಯ ಕಣ್ಣು

“ನೋಡು, ಘಾಟೇ ಬರ್ಲಿಲ್ಲ,” ಎಂದರು ಮಂಗಳಮ್ಮಜ್ಜಿ.

ಒಲೆಯೊಳಗೆ ಒಣಮೆಣಸಿನಕಾಯಿ, ಉಪ್ಪು, ಪೊರಕೆ ಕಡ್ಡಿ ಚಟಚಟ ಎನ್ನುತ್ತಿದ್ದವು. ಶಾಂಭವಿಗೆ ಮೂಗೆಲ್ಲ ಉರಿಯುತ್ತಿತ್ತು. ಆದರೂ ಸೀನನ್ನು ತಡೆದುಕೊಂಡಳು. ಸೀನಿದರೆ ಅಜ್ಜಿಗೆ ಬೇಜಾರಾಗುತ್ತದೆ.

“ಘಾಟು ಬರ್ಲಿಲ್ಲ ಅಂದ್ರೆ ಕಣ್ಣು ಬಿದ್ದೈತೆ ಅಂತ್ಲೇ. ಹಬ್ಬದ ದಿನ ಕುಳ್ಳವ್ವ ಎತ್ಕೊಂಡು ಮುತ್ತು ಕೊಟ್ಲು, ಕೆನ್ನೆ ಮೇಲೆ ಗಂಧೆ ಎದ್ತು. ಇವತ್ತೂ ಕೊಟ್ಲು, ಇವತ್ತೂ ಎದ್ತು.”

ಅಮ್ಮ ಉಷಾರಾಣಿಯ ತೊಡೆಯ ಮೇಲೆ ಮಲಗಿದ್ದ ಪುಟ್ಸಾಮಿ ತನ್ನ ಕಾಲ್ಬೆರಳನ್ನೇ ಹಿಡಿಯಲು ನೋಡುತ್ತಿದ್ದ. ಅವನ ನಿಜವಾದ ಹೆಸರು ಪ್ರಭುಸ್ವಾಮಿ. ಏಳು ತಿಂಗಳ ಮಗುವನ್ನು ಅಷ್ಟು ದೊಡ್ಡ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಕೆನ್ನೆಯ ಮೇಲಿನ ಕೆಂಪು ದದ್ದು ಆಗಲೇ ಇಳಿಯುತ್ತಿತ್ತು.

“ಸೊಳ್ಳೆ ಕಚ್ಚಿರ್ಬೇಕು ಅತ್ತೆ,” ಎಂದಳು ಅಮ್ಮ.

“ಆ ಸೊಳ್ಳೆ ಕುಳ್ಳವ್ವ ಮುತ್ತು ಕೊಡೋ ದಿನವೇ ನೋಡ್ಕಂಡು ಬತ್ತದಾ? ಇನ್ಮೇಲೆ ಅವಳ ಕೈಗೆ ಮಗೀನ ಕೊಡಬ್ಯಾಡ.”

ಅಜ್ಜಿ ಮಗುವಿನ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟರು. ಅದು ಒಂಚೂರು ಸೊಟ್ಟಗಾಯಿತು. ಸೆರಗಿನ ತುದಿಯಿಂದ ಒರೆಸಿ, ದುಂಡಗೆ ಮತ್ತೊಂದು ಇಟ್ಟರು. ಬೊಟ್ಟು ಸೊಟ್ಟಗಿದ್ದರೆ ಅಜ್ಜಿಗೆ ಆಗುವುದೇ ಇಲ್ಲ.

ಕುಳ್ಳಮ್ಮ ಬೇಲಿಯಾಚೆಯ ಮನೆಯವರು. ಹೆಸರು ಕುಳ್ಳಮ್ಮ, ಆದರೆ ಬೀದಿಗೆಲ್ಲ ಅವರೇ ಎತ್ತರ. ಅಜ್ಜಿಗೆ ಅವರು ಕುಳ್ಳವ್ವ, ಶಾಂಭವಿಗೆ ಕುಳ್ಳತ್ತೆ. ಅಜ್ಜಿಗೆ ಮಂಡಿನೋವು ಅಂತ, ಪುಟ್ಸಾಮಿ ಹುಟ್ಟಿದಾಗಿನಿಂದ ಅವನಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದವರು ಅವರೇ. ಅವರ ಸೆರಗಿನ ಗಂಟಿನಲ್ಲಿ ಯಾವಾಗಲೂ ಹುರಿದ ಕಡ್ಲೆಕಾಯಿ ಬೀಜ ಇರುತ್ತಿತ್ತು. ಮಾತಾಡುತ್ತಾ ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಮಾರನೆಯ ದಿನ ಕುಳ್ಳತ್ತೆ ಬಂದರು. “ಎಲ್ಲಿ ನಮ್ಮ ಸಾಮಿ?”

“ಮಲಗವ್ನೆ,” ಎಂದರು ಅಜ್ಜಿ, ಬಾಗಿಲಲ್ಲೇ ನಿಂತು.

ಒಳಗಿಂದ ಪುಟ್ಸಾಮಿ “ಆಆ” ಎಂದು ಕೇಕೆ ಹಾಕಿದ. ಕುಳ್ಳತ್ತೆಗೆ ಕೇಳಿಸಿತು. ಅಜ್ಜಿಗೂ ಕೇಳಿಸಿತು. ಅಜ್ಜಿ ಬಾಗಿಲು ಬಿಟ್ಟು ಸರಿಯಲಿಲ್ಲ. ಆಮೇಲೆ ಕುಳ್ಳತ್ತೆ ಬರುವುದನ್ನೇ ಬಿಟ್ಟರು.

ಶನಿವಾರ ಮಧ್ಯಾಹ್ನ ಶಾಂಭವಿ ಸ್ಕೂಲಿನಿಂದ ಬರುತ್ತಿದ್ದಾಗ ಕುಳ್ಳತ್ತೆ ಬೇಲಿಯ ಹತ್ತಿರ ನಿಂತಿದ್ದರು. ಅವಳ ಅಂಗೈ ತುಂಬ ಕಡ್ಲೆಕಾಯಿ ಬೀಜ ಸುರಿದರು.

“ನಿನ್ ತಮ್ಮ ಚೆನ್ನಾಗವ್ನಾ ಸಾಂಬವಿ?”

“ಹಲ್ಲು ಬಂದಿದೆ ಅತ್ತೆ. ಸಿಕ್ಕಿದ್ದೆಲ್ಲ ಕಚ್ತಾನೆ.”

“ಮೇಲಾ, ಕೆಳಗಾ?”

“ಕೆಳಗೆ. ಎರಡು.”

ಕುಳ್ಳತ್ತೆ ತಮ್ಮಷ್ಟಕ್ಕೆ ನಕ್ಕರು. ಒಮ್ಮೆ ಶಾಂಭವಿಯ ಮನೆಯ ಕಡೆ ನೋಡಿ, ತಮ್ಮ ಮನೆಯೊಳಗೆ ಹೋದರು.

ಶಾಂಭವಿ ಬೀಜ ತಿಂದು ಮುಗಿಸಿ, ಬ್ಯಾಗನ್ನು ಜಗಲಿಯ ಮೇಲೆ ಎಸೆದು ಒಳಗೆ ಓಡಿದಳು. ಚಾಪೆಯ ಮೇಲೆ ಕೂತಿದ್ದ ಪುಟ್ಸಾಮಿಯ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಅವನು ಅವಳ ಬೆರಳನ್ನು ಹಿಡಿದು ಬಾಯಿಗಿಟ್ಟುಕೊಂಡ.

“ಅಮ್ಮಾ, ಕಚ್ತಿದಾನೆ,” ಎಂದು ನಗುತ್ತಾ ಕೂಗಿದಳು.

ಅವಳು ಯೂನಿಫಾರ್ಮ್ ಬದಲಾಯಿಸಿ ಬರುವಷ್ಟರಲ್ಲಿ ಮಗು ಕುಡಿದ ಹಾಲನ್ನೆಲ್ಲ ವಾಂತಿ ಮಾಡಿಕೊಂಡಿತ್ತು. ಕೆನ್ನೆ, ಕತ್ತು, ಹೊಟ್ಟೆಯ ಮೇಲೆಲ್ಲ ಕೆಂಪು ಗಂಧೆ ಎದ್ದಿತ್ತು. ಮೇಲ್ತುಟಿ ಊದಿತ್ತು.

“ಬೇಲಿ ಸಂದೀಲಿ ನೋಡವ್ಳೆ,” ಎಂದರು ಅಜ್ಜಿ. “ಶಾಂಭವಿ, ಕಂಬಳಿ ತತ್ತಾ. ಹೊದಿಸಿದ್ರೆ ಗಂಧೆ ಇಳೀತದೆ. ನಾನು ಮೆಣಸಿನಕಾಯಿ ತತ್ತೀನಿ.”

ಅಮ್ಮ ಮಗುವಿನ ಎದೆಗೆ ಕಿವಿ ಇಟ್ಟಳು. ಉಸಿರಿನ ಜೊತೆ ಸುಂಯ್ ಸುಂಯ್ ಎಂದು ಸದ್ದು ಬರುತ್ತಿತ್ತು.

“ಕಂಬಳಿ ಬೇಡ, ಮೆಣಸಿನಕಾಯೂ ಬೇಡ ಅತ್ತೆ. ಉಸಿರು ಕೇಳಿ. ಆಸ್ಪತ್ರೆಗೆ ಹೋಗ್ಬೇಕು, ಈಗ್ಲೇ.”

ಅಮ್ಮ ಅಜ್ಜಿಗೆ ಎದುರು ಹೇಳಿದ್ದನ್ನು ಶಾಂಭವಿ ನೋಡಿದ್ದು ಅದೇ ಮೊದಲು.

ಅಪ್ಪ ಹೊಲಕ್ಕೆ ಹೋಗಿದ್ದ. ಬೀದಿಯಲ್ಲಿ ಇದ್ದದ್ದು ಕುಳ್ಳತ್ತೆಯ ಗಂಡ ಸಿದ್ದಯ್ಯನ ಆಟೋ ಒಂದೇ. ಅಮ್ಮ ಮಗುವನ್ನು ಎತ್ತಿಕೊಂಡು ಬೇಲಿಯ ಕಡೆ ಓಡಿದಳು.

“ಕುಳ್ಳಕ್ಕ, ಅಣ್ಣ ಇದಾರಾ? ಮಗೂಗೆ ಉಸಿರಾಡಕ್ಕೆ ಆಗ್ತಿಲ್ಲ.”

“ರೀ, ಅನ್ನ ಬುಡಿ, ಗಾಡಿ ತಗೀರಿ,” ಎಂದು ಕುಳ್ಳತ್ತೆ ಒಳಗೆ ಕೂಗಿದರು. ಆಮೇಲೆ ಮಗುವಿನ ಕಡೆ ಓಡಿಬಂದರು. ಅರ್ಧ ದಾರಿಯಲ್ಲಿ ಅಜ್ಜಿಯ ಮುಖ ಕಂಡು ನಿಂತುಬಿಟ್ಟರು. ಸೆರಗನ್ನು ಕಣ್ಣಿಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು.

“ನಾನು ನೋಡಾಕಿಲ್ಲ ಮಂಗ್ಳಕ್ಕ. ನೀವು ಬೇಗ ಹೊರಡಿ.”

ಅಜ್ಜಿ ಕಣ್ಣಿನ ಬಗ್ಗೆ ಅಂದಿದ್ದೆಲ್ಲ ಕುಳ್ಳತ್ತೆಗೆ ಗೊತ್ತಿತ್ತು. ಆಟೋ ತಿರುಗುವವರೆಗೂ ಶಾಂಭವಿಗೆ ಗೋಡೆಯ ಕಡೆ ತಿರುಗಿದ ಆ ಎತ್ತರದ ಬೆನ್ನು ಕಾಣುತ್ತಿತ್ತು.

ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವನ್ನು ನೋಡಿದವರೇ ತೊಡೆಗೆ ಇಂಜೆಕ್ಷನ್ ಕೊಡಿಸಿದರು. ಮೆಲ್ಲಗೆ ಉಸಿರಿನ ಸದ್ದು ಕಡಿಮೆಯಾಯಿತು. ಪುಟ್ಸಾಮಿ ಜೋರಾಗಿ ಅತ್ತ. ಅವನು ಅಷ್ಟು ಜೋರಾಗಿ ಅತ್ತಿದ್ದಕ್ಕೆ ಅಮ್ಮ ಕಣ್ಣೊರೆಸಿಕೊಂಡು ನಕ್ಕಳು.

“ಹೊಸದಾಗಿ ಏನು ತಿನ್ನಿಸಿದ್ರಿ?”

“ಏನಿಲ್ಲ ಮೇಡಂ. ಎದೆಹಾಲು, ರಾಗಿ ಸರಿ. ಅಷ್ಟೇ.”

“ಕಣ್ಣು ಬಿದ್ದದ್ದು ಕಣವ್ವ. ನಮ್ಮ ಪಕ್ಕದ್ಮನೆ…” ಎಂದು ಅಜ್ಜಿ ಶುರುಮಾಡಿದರು.

ಶಾಂಭವಿ ತನ್ನ ಕೈ ನೋಡಿಕೊಂಡಳು. ಬೆರಳಿನ ಉಗುರಿನಲ್ಲಿ ಕಡ್ಲೆಕಾಯಿ ಬೀಜದ ಕೆಂಪು ಸಿಪ್ಪೆ ಸಿಕ್ಕಿಕೊಂಡಿತ್ತು. ಪುಟ್ಸಾಮಿ ಚೀಪಿದ್ದ ಬೆರಳೇ ಅದು. ಸುಮ್ಮನಿದ್ದರೆ ಯಾರೂ ಅವಳನ್ನು ಬೈಯುವುದಿಲ್ಲ. ಕುಳ್ಳತ್ತೆಯ ಕಣ್ಣೇ ಅಂತಾಗುತ್ತದೆ.

ಕೈಯನ್ನು ಡಾಕ್ಟರಮ್ಮನ ಮುಂದೆ ಚಾಚಿದಳು.

“ಕುಳ್ಳತ್ತೆ ಮುಟ್ಟೇ ಇಲ್ಲ ಅಜ್ಜಿ. ನಾನು ಮುಟ್ಟಿದ್ದು. ಕಡ್ಲೆಕಾಯಿ ತಿಂದು ಮುತ್ತು ಕೊಟ್ಟೆ. ಬೆರಳೂ ಚೀಪಿದ. ಅತ್ತೆನೂ ಯಾವಾಗ್ಲೂ ಕಡ್ಲೆಕಾಯಿ ತಿಂತಾ ಇರ್ತಾರಲ್ಲ.”

ಡಾಕ್ಟರಮ್ಮ ಅವಳ ಉಗುರು ನೋಡಿದರು. “ಹೇಳಿದ್ದು ಒಳ್ಳೇದಾಯ್ತು ಪುಟ್ಟಿ. ಇವನಿಗೆ ಕಡ್ಲೆಕಾಯಿ ಅಲರ್ಜಿ ಇರೋ ಹಾಗಿದೆ, ಟೆಸ್ಟ್ ಮಾಡಿಸೋಣ. ಅದನ್ನ ತಿಂದವರು ಕೈ, ಬಾಯಿ ಸೋಪು ಹಾಕಿ ತೊಳೆದೇ ಮಗು ಎತ್ಕೋಬೇಕು. ಮತ್ತೆ ತುಟಿ ಊದಿದ್ರೆ, ಉಸಿರು ಕಟ್ಟಿದ್ರೆ, ಮಗು ಮೆತ್ತಗಾಗಿಬಿಟ್ರೆ ಮನೇಲಿ ಕಾಯಬೇಡಿ. ಇವತ್ತು ಬಂದ ಹಾಗೇ ಬಂದ್ಬಿಡಿ. ರಾತ್ರಿ ಇಲ್ಲೇ ಇರ್ಲಿ, ಇಳಿದಿದ್ದು ಮತ್ತೆ ಏಳಬಹುದು.”

ಅಜ್ಜಿ ಮಗುವಿನ ಕೆನ್ನೆ ಮುಟ್ಟಿ ನೋಡಿದರು. ಆಮೇಲೆ ಕೇಳಿದರು. “ಬರೀ ಕೆನ್ನೆ ಮೇಲೆ ಎದ್ದಿದ್ರೆ, ಅದೂ ಇದೇನಾ?”

“ಇರಬಹುದಮ್ಮ.”

ಕಿಟಕಿಯಾಚೆ ಸಿದ್ದಯ್ಯಮಾವ ಆಟೋದಲ್ಲೇ ಕೂತು ಕಾಯುತ್ತಿದ್ದರು. ಅಜ್ಜಿ ಅತ್ತ ನೋಡುತ್ತಾ ಕೂತರು.

ಮಾರನೆಯ ದಿನ ಮನೆಗೆ ಬಂದ ಮೇಲೆ ಅಜ್ಜಿ ಜಗಲಿಯ ಮೇಲೆ ಒಂದು ಚೊಂಬು ನೀರು, ಸೋಪು ಇಟ್ಟುಕೊಂಡು ಕೂತರು.

“ಕುಳ್ಳವ್ವ, ಬಾ ಇಲ್ಲಿ.”

“ನಾನ್ಯಾಕೆ ಬುಡಿ ಮಂಗ್ಳಕ್ಕ,” ಎಂದರು ಕುಳ್ಳತ್ತೆ ಬೇಲಿಯಾಚೆಯಿಂದ.

“ನನ್ ಮಂಡಿ ನೋವು ನಿಂಗೊತ್ತಿಲ್ವಾ? ಮಗೀಗೆ ನೀರು ಹಾಕೋರ್ಯಾರು?”

ಕುಳ್ಳತ್ತೆ ಬಂದು ಮೆಟ್ಟಿಲ ಕೆಳಗೇ ನಿಂತರು. ಅಜ್ಜಿ ಮೊದಲು ತಮ್ಮ ಕೈಯನ್ನೇ ಮೊಣಕೈವರೆಗೆ ತೊಳೆದು, ಬಾಯಿ ಮುಕ್ಕಳಿಸಿದರು. ಆಮೇಲೆ ಸೋಪನ್ನು ಅವರ ಕಡೆ ತಳ್ಳಿದರು.

“ಇನ್ಮೇಲೆ ಈ ಮನೇಲಿ ಎಲ್ರೂ ಹಿಂಗೇಯ. ಮಗೀಗೆ ಕಡ್ಲೆಕಾಯಿ ಆಗಾಕಿಲ್ವಂತೆ.”

ಕುಳ್ಳತ್ತೆಯ ಕೈ ಸೆರಗಿನ ಗಂಟಿಗೆ ಹೋಯಿತು. “ಹಂಗಾರೆ… ನನ್ನಿಂದ್ಲೇ?”

“ಕಡ್ಲೆಕಾಯಿಂದ,” ಎಂದರು ಅಜ್ಜಿ.

“ತಡೀರಿ ಮಂಗ್ಳಕ್ಕ, ಈ ಸೀರೆ ಬ್ಯಾಡ,” ಎಂದು ಕುಳ್ಳತ್ತೆ ಮನೆಗೆ ಓಡಿದರು. ಬಂದಾಗ ಜರಿಯಂಚಿನ ಹಬ್ಬದ ಸೀರೆ ಉಟ್ಟಿದ್ದರು.

“ಮದುವೆ ಮನೆಗಾ ಅತ್ತೆ?” ಎಂದಳು ಶಾಂಭವಿ.

“ಒಗೆದಿದ್ದು ಇದೊಂದೇ ಇತ್ತು ಕಣೆ, ನಗಬ್ಯಾಡ.”

ನೀರು ಹಾಕುವಷ್ಟು ಹೊತ್ತೂ ಪುಟ್ಸಾಮಿ ಕಾಲು ಬಡಿದು ಆ ಸೀರೆಯನ್ನೆಲ್ಲ ತೋಯಿಸಿದ. ಮೈ ಒರೆಸಿ ಆಯಿತು. ದೃಷ್ಟಿಬೊಟ್ಟು ಇಡುವ ಹೊತ್ತಿಗೆ ಕುಳ್ಳತ್ತೆ ಮಗುವನ್ನು ಅಜ್ಜಿಯ ಕಡೆ ಚಾಚಿದರು.

ಅಜ್ಜಿ ಮಗುವನ್ನು ತೆಗೆದುಕೊಳ್ಳಲಿಲ್ಲ. ಕಾಡಿಗೆ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದರು.

“ನೀನೇ ಇಡು.”

ಕುಳ್ಳತ್ತೆ ಬೆರಳಿಗೆ ಕಾಡಿಗೆ ತೆಗೆದುಕೊಂಡು ಇಡುವಾಗ ಪುಟ್ಸಾಮಿ ಮುಖ ತಿರುಗಿಸಿದ. ಬೊಟ್ಟು ಒಂದು ಕಡೆ ಎಳೆದುಕೊಂಡು ಸೊಟ್ಟಗಾಯಿತು.

ಅಜ್ಜಿ ಈಗ ಸೆರಗು ಎತ್ತುತ್ತಾರೆ, ಒರೆಸುತ್ತಾರೆ ಎಂದು ಶಾಂಭವಿ ಕಾದಳು. ಅಜ್ಜಿ ಡಬ್ಬಿ ಮುಚ್ಚಿದರು.

“ಸೊಟ್ಟಗಿದೆ ಅಜ್ಜಿ,” ಎನ್ನಲು ಹೊರಟವಳು ಅಜ್ಜಿಯ ಮುಖ ನೋಡಿ, ಸೋಪು ತೆಗೆದುಕೊಂಡು ಕೈ ತೊಳೆಯಲು ಹೋದಳು.