ಬೀರುವಿನೊಳಗಿನ ಹಳದಿ ಚೀಟಿ

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಒಬ್ಬ ಯುವ ವಕೀಲೆ ಕಮ್ಮಾರನನ್ನು ಕರೆದುಕೊಂಡು ಠಾಣೆಗೆ ಬಂದಳು. ಅವನು ರೂಪಿಸಿದ ಕಳೆ ತೆಗೆಯುವ ಉಪಕರಣದ ಪೇಟೆಂಟ್ ಕಡತ ತಮ್ಮ ಕಚೇರಿಯಿಂದ ಕಳವಾಗಿದೆ ಎಂಬುದು ದೂರು. ಕಚೇರಿ ಅವಳ ಅಪ್ಪನದು. ಪೇಟೆಂಟು, ಕಂಪನಿ ವ್ಯವಹಾರ, ಜಮೀನಿನ ಕ್ರಯಪತ್ರ ಎಲ್ಲವನ್ನೂ ಅವರೇ ನೋಡುತ್ತಿದ್ದರು. ಮೊದಲ ಅರ್ಜಿ ಕೊಟ್ಟ ವರ್ಷದೊಳಗೆ ಪೂರ್ಣ ವಿವರ ಸಲ್ಲಿಸದಿದ್ದರೆ ಆ ಅರ್ಜಿ ಬಿದ್ದುಹೋಗುತ್ತದೆ. ಶುಕ್ರವಾರವೇ ಕಡೆಯ ದಿನ ಎಂದು ಅಪ್ಪ ಹೇಳಿದ್ದರಂತೆ.

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹನ್ನೊಂದೂವರೆಗೆ ಹೆಡ್ ಕಾನ್‌ಸ್ಟೆಬಲ್ ಜೊತೆ ಪಂಚನಾಮೆಗೆ ಹೋದರು. ಬಾಗಿಲು, ಬೀಗ, ಕಿಟಕಿ ಎಲ್ಲ ನೆಟ್ಟಗಿದ್ದವು. ಪೊಲೀಸರು ಬರುವ ತನಕ ಕಡತದ ಬೀರುವನ್ನು ಯಾರೂ ಮುಟ್ಟಬಾರದೆಂದು ಅವಳ ಅಪ್ಪ, ಹಿರಿಯ ವಕೀಲರು, ತಾಕೀತು ಮಾಡಿದ್ದರು. ಹೆಡ್ ಕಾನ್‌ಸ್ಟೆಬಲ್ ತೆರೆದು ನೋಡಿದರೆ, ಎರಡು ಕಡತಗಳ ನಡುವಿನ ಸಂದಿಯಲ್ಲಿ ಒಂದು ಹಳದಿ ಚೀಟಿ ನಿಂತಿತ್ತು.

ಅದೇನೆಂದು ಕೇಳಿದಾಗ ಕಚೇರಿಯ ಗುಮಾಸ್ತ ಗೊತ್ತಿದ್ದುದನ್ನು ಹೇಳಿದ. ಕಡತ ಹೊರಗೆ ತೆಗೆದವರು ಅದರ ಜಾಗದಲ್ಲಿ ತಾರೀಖು ಬರೆದು ಸಹಿ ಮಾಡಿದ ಚೀಟಿ ಇಡಬೇಕು; ಮೂವತ್ತು ವರ್ಷದಿಂದ ಇದೇ ಪದ್ಧತಿ, ಯಜಮಾನರದೇ ಕಟ್ಟಪ್ಪಣೆ.

"ಕಳ್ಳ ಶಿಸ್ತಿನ ಮನುಷ್ಯ ಸಾರ್, ರಶೀದಿ ಕೊಟ್ಟು ಹೋಗಿದ್ದಾನೆ" ಎಂದ ಹೆಡ್ ಕಾನ್‌ಸ್ಟೆಬಲ್.

ಚೀಟಿಯಲ್ಲಿ ಶನಿವಾರದ ತಾರೀಖಿತ್ತು. ಸಹಿ ಯಜಮಾನರದೇ ಎಂದು ಕಂಡ ಗುಮಾಸ್ತನ ಮುಖ ಬಿಳುಚಿಕೊಂಡಿತು. ಮಗಳು ಅದನ್ನೇ ನೋಡುತ್ತ ಕುರ್ಚಿ ಎಳೆದುಕೊಂಡು ಕುಳಿತಳು.

"ಕಡತ ಎಲ್ಲಿದೆ?" ಇನ್ಸ್‌ಪೆಕ್ಟರ್ ಹಿರಿಯ ವಕೀಲರನ್ನು ಕೇಳಿದರು.

"ಮನೇಲಿ. ಟ್ರಂಕಲ್ಲಿ."

"ಕಡೇ ದಿನ?"

"ಶುಕ್ರವಾರ ಅಲ್ಲ. ಮುಗಿದು ಹನ್ನೊಂದು ದಿನ ಆಯ್ತು."

"ಅಪ್ಪಾ, ಮೊದಲೇ ನಂಗಾದ್ರೂ ಹೇಳ್ಬಾರ್ದಿತ್ತಾ?" ಎಂದಳು ಮಗಳು. ಅವರು ಜೇಬಿನಿಂದ ಟ್ರಂಕಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು.

ಟ್ರಂಕಿನಿಂದ ಕಡತ ಜಪ್ತಿಯಾಯಿತು. ಮಧ್ಯಾಹ್ನ ಎರಡು ಹತ್ತಕ್ಕೆ, ಸುಳ್ಳು ದೂರು ಕೊಡಿಸಿ ದಾಖಲೆ ಬಚ್ಚಿಟ್ಟ ಆಪಾದನೆಯ ಮೇಲೆ ವಕೀಲರನ್ನು ಬಂಧಿಸಿದರು. ಹೇಳಿಕೆಯಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ. ಒಂದು ದೊಡ್ಡ ಜಮೀನಿನ ಕ್ರಯಪತ್ರದ ಗಡಿಬಿಡಿಯಲ್ಲಿ ತಾರೀಖು ಮರೆತಿತ್ತು. ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡೋಣ ಎಂದು ಕಮ್ಮಾರನ ಕುಲುಮೆಯ ತನಕ ಹೋಗುತ್ತಿದ್ದರು. ಅವನು ಕೆಲಸ ಬಿಟ್ಟೆದ್ದು, ಕೈ ಒರೆಸಿ, ಕೂರಲು ಸ್ಟೂಲು ಹಾಕುತ್ತಿದ್ದ. ಹೇಳಲು ಬಾಯಿ ಬರುತ್ತಿರಲಿಲ್ಲ. ಕಳವಾಯಿತೆಂದರೆ ತಪ್ಪು ಬೇರೆ ಯಾರದೋ ಆಗುತ್ತದಲ್ಲ ಎನಿಸಿತಂತೆ. ಕಡತ ತೆಗೆದಾಗ ರೂಢಿಯಂತೆ ಕೈ ತಾನಾಗಿ ಚೀಟಿ ಇಟ್ಟಿತ್ತು.

ಠಾಣೆಯ ಬೆಂಚಿನ ಮೇಲೆ ಕಮ್ಮಾರ ಬೆಳಗಿನಿಂದಲೂ ಕೂತಿದ್ದ. ಠಾಣೆಯ ರೈಟರ್ ಹತ್ತಿರ ಕಾಗದ ಇಸಿದುಕೊಂಡು, ಎಂಟು ವರ್ಷ ತಿದ್ದಿದ ಉಪಕರಣದ ನಕ್ಷೆಯನ್ನು ನೆನಪಿನಿಂದಲೇ ಮತ್ತೆ ಬರೆಯುತ್ತಿದ್ದ. ಶುಕ್ರವಾರಕ್ಕೆ ಇನ್ನೂ ಮೂರು ದಿನವಿದೆ ಎಂಬ ಧೈರ್ಯ ಅವನಿಗೆ.

"ಅವನಿಗೆ ನೀವೇ ಹೇಳ್ಬಿಡಿ ಸಾರ್" ಎಂದರು ವಕೀಲರು.

"ನೀವು ಹೇಳಿ" ಎಂದರು ಇನ್ಸ್‌ಪೆಕ್ಟರ್.

ವಕೀಲರು ಹತ್ತಿರ ಬಂದದ್ದು ಕಂಡು ಕಮ್ಮಾರ ಸರಿದು ಜಾಗ ಮಾಡಿಕೊಟ್ಟ. "ಬನ್ನಿ ಅಣ್ಣಾ, ನಾಲ್ಕು ಹಾಳೆ ಆಯ್ತು."

ವಕೀಲರು ಕೂರಲಿಲ್ಲ. ಬಗ್ಗಿ ಅವನ ಕೈಯಿಂದ ಮೆಲ್ಲಗೆ ಪೆನ್ಸಿಲ್ ತೆಗೆದುಕೊಂಡರು.