ಗಾಳಿ ಆಫೀಸಿನ ಪಾದರಸ

2025ರ ಜುಲೈ ಒಂದನೇ ತಾರೀಕು ಬೆಳಿಗ್ಗೆ ಹೊಳಲ್ಕೆರೆ ಠಾಣೆಗೆ ಬಂದ ಯಮುನಾ, ಇನ್ಸ್‌ಪೆಕ್ಟರ್ ರಘುನಾಥ್ ಎದುರಿನ ಕುರ್ಚಿಯ ತುದಿಯಲ್ಲಿ ಕೂತರು. ಊರ ಹೊರಗಿನ ಗುಡ್ಡದ ಮೇಲೆ ಬ್ರಿಟಿಷರು ಕಟ್ಟಿಸಿದ ಹವಾಮಾನ ವೀಕ್ಷಣಾಲಯವಿದೆ. ಜನ ಅದನ್ನು ಗಾಳಿ ಆಫೀಸು ಅನ್ನುತ್ತಾರೆ. ಯಮುನಾ ಅಲ್ಲಿನ ವೀಕ್ಷಕಿ.

"ವಾಯುಭಾರ ಮಾಪಕದ ಪಾದರಸ ಕಳುವಾಗಿದೆ ಸಾರ್."

"ಯಾವಾಗ?"

"ಅದೇ ಗೊತ್ತಿಲ್ಲ. ದಿನಾ ಎರಡು ಸಲ ನಾನೇ ನೋಡ್ತೀನಿ. ನನ್ನ ಕಣ್ಣೆದುರಿಗೇ ಹೋಗಿದೆ."

ಹೆಡ್ ಕಾನ್‌ಸ್ಟೇಬಲ್ ಸಣ್ಣಪ್ಪ ಪೆನ್ನು ಎತ್ತಿದವನು ಹಾಗೇ ಹಿಡಿದುಕೊಂಡ. "ಕಣ್ಣೆದುರಿಗೇ ಹೋಗಿದ್ದನ್ನ ಎಫ್‌ಐಆರ್‌ನಾಗೆ ಹೆಂಗೆ ಬರೀಲಿ ಮೇಡಂ?"

ಯಮುನಾ ನಿಧಾನವಾಗಿ ಬಿಡಿಸಿ ಹೇಳಿದರು. ಮಾಪಕದ ಗಾಜಿನ ಕೊಳವೆ ಪಾದರಸದ ಬಟ್ಟಲಿನಲ್ಲಿ ನಿಂತಿರುತ್ತದೆ. ಬಟ್ಟಲಿನ ತಳ ಚರ್ಮದ ಚೀಲ, ಅದರ ಕೆಳಗೊಂದು ತಿರುಪು. ತಿರುಪು ತಿರುಗಿಸಿದರೆ ಪಾದರಸ ಮೇಲೇರಿ ದಂತದ ಮೊನೆಯೊಂದಕ್ಕೆ ಮುಟ್ಟುತ್ತದೆ. ಮುಟ್ಟಿದ ಮೇಲೇ ಅಳತೆ ಓದಬೇಕು. ಸ್ವಲ್ಪ ಪಾದರಸ ಕಡಿಮೆಯಾದರೆ ಇನ್ನೊಂದು ಸುತ್ತು ತಿರುಗಿಸಿದರಾಯಿತು, ಅಳತೆ ಸರಿಯಾಗೇ ಬರುತ್ತದೆ. ತಿಂಗಳಿಂದ ತಿಂಗಳಿಗೆ ತಿರುಪು ಹೆಚ್ಚು ತಿರುಗುತ್ತಿತ್ತು. ಚರ್ಮ ಹಳತಾಗಿ ಜೋಲುಬಿದ್ದಿದೆ ಎಂದುಕೊಂಡಿದ್ದರು. ಈ ಬೆಳಿಗ್ಗೆ ವೀಕ್ಷಣೆಗೆ ಹೋದಾಗ ತಿರುಪು ಕೊನೆ ಮುಟ್ಟಿತು, ಪಾದರಸ ಮೊನೆ ಮುಟ್ಟಲಿಲ್ಲ.

ಎಫ್‌ಐಆರ್ ದಾಖಲಾಯಿತು. ಹನ್ನೊಂದು ಗಂಟೆಗೆ ಗುಡ್ಡದ ಮೇಲೆ ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಚರ್ಮದ ಮಡಿಕೆಯಲ್ಲಿ ಒಂದು ಸೂಜಿತೂತು ಸಿಕ್ಕಿತು, ಜೇನುಮೇಣ ಮೆತ್ತಿ ಮುಚ್ಚಿದ್ದು. ಅವಸರದ ಕೈ ಮಾಡಿದ ಕೆಲಸ ಅದಲ್ಲ.

ಕೋಣೆಯ ಕೀಲಿ ಇಬ್ಬರ ಬಳಿ ಮಾತ್ರ: ಯಮುನಾ ಮತ್ತು ಸಹಾಯಕ ಬಸವೇಶ್. ಬಸವೇಶ್ ತಾಳ್ಯದವನು, ನಲವತ್ತೈದರ ಆಸುಪಾಸು.

"ಪಾದರಸ ಎಲ್ಲಪ್ಪ?" ರಘುನಾಥ್ ಕೇಳಿದರು.

"ಗೊತ್ತಿಲ್ಲ ಸಾರ್."

"ಯಂತ್ರ ಮುಟ್ಟಿದ್ದೀಯಾ?"

"ಧೂಳು ಒರೆಸ್ತೀನಿ. ಅಷ್ಟೇ."

ಅವನ ಮನೆ ಜಾಲಾಡಿದರೂ ಏನೂ ಸಿಗಲಿಲ್ಲ. ಆದರೆ ಮಹಿಳಾ ಪೇದೆ ನಾಗಶ್ರೀ ಪಂಚನಾಮೆಯ ಹೊತ್ತಿನಲ್ಲಿ ಒಂದನ್ನು ಗಮನಿಸಿದ್ದಳು. ಯಮುನಾ ಮಾಪಕ ಮುಟ್ಟುವ ಮೊದಲು ಉಂಗುರ, ಬಳೆ ತೆಗೆದಿಟ್ಟಿದ್ದರು.

"ಯಾಕೆ ಮೇಡಂ?"

"ಪಾದರಸ ತಾಗಿದ್ರೆ ಚಿನ್ನ ಬೆಳ್ಳಗಾಗ್ತದೆ."

ಮಾರನೆಯ ಬೆಳಿಗ್ಗೆ ನಾಗಶ್ರೀ ಹೊಳಲ್ಕೆರೆ ಪೇಟೆಯ ಅಕ್ಕಸಾಲಿಗರ ಅಂಗಡಿಗಳನ್ನು ಒಂದೊಂದಾಗಿ ಹತ್ತಿ ಇಳಿದಳು. ಬೆಳ್ಳಗಾದ ಚಿನ್ನ ಯಾರಾದರೂ ತಂದಿದ್ದರಾ? ಯೋಗೇಶ್ ಎಂಬವನ ಅಂಗಡಿಯಲ್ಲಿ ಉತ್ತರ ಸಿಕ್ಕಿತು.

"ತಂದಿದ್ರು ಬಿಡ್ರಿ. ತಾಳಿ. ಬೆಳ್ಳೀಗೆ ಬಣ್ಣ ಹೊಡೆದು ಕೊಟ್ಟೀಯ ಅಂತ ಆಯಮ್ಮ ರಸ್ತೇಲೇ ನನ್ನ ಮಾನ ಕಳೆದ್ಲು. ಕಾಸಿ ಹಳದಿ ಮಾಡಿಕೊಟ್ಟೆ. ಹದಿನೈದು ದಿನಕ್ಕೆ ಮತ್ತೆ ಬೆಳ್ಳಗೆ ಮಾಡ್ಕಂಡು ಬಂದ್ಲು."

"ಯಾರು?"

"ತಾಳ್ಯದ ದ್ಯಾಮಮ್ಮ. ಹಾಸ್ಟೆಲಿನ ಅಡಿಗೆಯಾಕೆ."

ಹೆಸರು ಕೇಳಿ ಠಾಣೆಯಲ್ಲಿ ಸಣ್ಣಪ್ಪ ತಲೆ ಎತ್ತಿದ. "ಬಸವೇಶನ ಹೆಂಡ್ತಿ ಸಾರ್."

ಬಸವೇಶನನ್ನು ಗುಡ್ಡದಿಂದಲೇ ಜೀಪಿಗೆ ಹತ್ತಿಸಿಕೊಂಡು ತಾಳ್ಯದ ದಾರಿ ಹಿಡಿದರು.

"ನಿನ್ನ ಹೆಂಡ್ತಿ ತಾಳಿ ಎರಡು ಸಲ ಬೆಳ್ಳಗಾಗಿದೆ," ಎಂದರು ರಘುನಾಥ್. "ಯಾಕಪ್ಪ?"

ಬಸವೇಶನ ಮುಖ ಇಳಿಯಿತು. "ಆಕೆಗೇನೂ ಗೊತ್ತಿಲ್ಲ ಸಾರ್. ಪಾದರಸಾನ ದುರ್ಗದ ಪೇಟೇಲಿ ಕೊಂಡ್ಕಂಬಂದೆ ಅಂತ ಹೇಳೀನಿ."

"ಯಾರಿಗೆ ಮಾರಿದೆ?"

"ಮಾರಿಲ್ಲ."

"ಮತ್ತೆ?"

"ಬೇಳೆಗೆ ಹಾಕೀವಿ."

ಸಣ್ಣಪ್ಪ ಅವನ ಕಡೆ ತಿರುಗಿ ಕೂತ. "ಯಾವ ಬೇಳೆಗಲೇ?"

"ಹಾಸ್ಟೆಲ್ ತೊಗರಿಬೇಳೆಗೆ. ಬೂದಿ ಜತೆ ಕಲಸಿ ಹಾಕಿದ್ರೆ ನುಸಿ ಹತ್ತಲ್ಲ. ನಮ್ಮಜ್ಜಿ ಹಂಗೇ ಇಕ್ತಿದ್ಲು."

"ನಮ್ಮಜ್ಜೀನೂ ಇಕ್ತಿದ್ಲು ಕಣೋ. ಬಿತ್ತೋ ಬೀಜಕ್ಕೆ. ಉಣ್ಣೋ ಕಾಳಿಗಲ್ಲ."

"ನಾನು ಸಣ್ಣೋನಿದ್ದೆ," ಎಂದ ಬಸವೇಶ್. "ಅಜ್ಜಿ ಮಡಿಕೆಗೆ ಹಾಕೋದಷ್ಟೇ ನೋಡಿದ್ದು."

ರಘುನಾಥ್ ಯಮುನಾಗೆ ಫೋನ್ ಮಾಡಿದರು. ಪಾದರಸ ಬೆರೆತ ಬೇಳೆ ಬೇಯಿಸಿದರೆ ಏನಾಗುತ್ತದೆ? ಆ ಕಡೆಯ ದನಿ ಸಣ್ಣದಾಯಿತು.

"ಒಲೆ ಆರಿಸಿ ಸಾರ್. ಕಿಟಕಿ ಎಲ್ಲಾ ತೆಗೆಸಿ. ಮಕ್ಕಳನ್ನ ಹೊರಗೆ ಕಳಿಸಿ. ಅದರ ಹಬೆ ವಿಷ. ತಿಂದದ್ದಕ್ಕಿಂತ ಉಸಿರಿಗೆ ಹೋದದ್ದೇ ಕೆಟ್ಟದ್ದು."

ಜೀಪಿನ ವೇಗ ಹೆಚ್ಚಿಸಲು ಚಾಲಕನಿಗೆ ಯಾರೂ ಹೇಳಬೇಕಾಗಲಿಲ್ಲ.

ತಾಳ್ಯದಲ್ಲಿ ಊರವರೇ ಸಮಿತಿ ಮಾಡಿಕೊಂಡು ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲ್ ಅದು, ಶಾಲೆಗೆ ಅಂಟಿಕೊಂಡಂತಿದೆ. ಮಧ್ಯಾಹ್ನದ ಗಂಟೆ ಹೊಡೆದಾಗಿತ್ತು. ಹುಡುಗಿಯರು ಸಾಲಾಗಿ ಕೂತಿದ್ದರು, ತಟ್ಟೆಯಲ್ಲಿ ಮುದ್ದೆ ಬಿದ್ದಿತ್ತು. ದ್ಯಾಮಮ್ಮ ಸಾರಿನ ಸೌಟು ಎತ್ತಿದ್ದಳು. ನಾಗಶ್ರೀ ಚಪ್ಪಲಿ ಕಾಲಲ್ಲೇ ಒಳಗೆ ಓಡಿ ಆ ಕೈ ಹಿಡಿದಳು.

"ಯಾರೂ ತುತ್ತು ಎತ್ತಬೇಡ್ರಿ. ಎಲ್ರೂ ಎದ್ದು ಹೊರಗೆ ಹೋಗ್ರಿ."

"ಯಾರಮ್ಮ ನೀನು?" ದ್ಯಾಮಮ್ಮ ಕೈ ಕೊಸರಿಕೊಂಡಳು. "ಹಸಿದ ಮಕ್ಕಳನ್ನ ಎಬ್ಬಿಸ್ತೀಯಲ್ಲ, ನಿನಗೆ ಹೆತ್ತೋರಿಲ್ಲವಾ?"

ಬೈಯಲು ಚಾಚಿದ ಅವಳ ಬೆರಳು ಒಂದೆಡೆ ನಿಲ್ಲುತ್ತಿರಲಿಲ್ಲ. ಸಿಟ್ಟಿನ ನಡುಕ ಸಿಟ್ಟಿನ ಜತೆ ಇಳಿಯುತ್ತದೆ. ಇದು ಇಳಿಯಲಿಲ್ಲ.

ಸಣ್ಣಪ್ಪ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಪಾತ್ರೆಯ ಸಾರನ್ನು ಇನ್ನೊಂದಕ್ಕೆ ಬಗ್ಗಿಸಿದ. ತಳದ ಗಸಿಯಲ್ಲಿ ಸಾಸಿವೆಯಷ್ಟು ಬಿಳಿ ಹನಿಗಳು ಹೊಳೆದವು. ಪಾತ್ರೆ ವಾಲಿಸಿದಾಗ ಅವು ಓಡಿಬಂದು ಒಂದಾದವು. ಸಣ್ಣಪ್ಪನಿಗೆ ಆ ಊರಿನ ಶಾಲೆಯಲ್ಲೇ ಓದುವ ತಂಗಿಯ ಮಗಳಿದ್ದಳು. ಅವನು ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟು ಹೊರಗೆ ಹೋಗಿ, ಹುಡುಗಿಯರ ಮುಖಗಳನ್ನು ಒಂದೊಂದಾಗಿ ನೋಡುತ್ತಾ ನಿಂತ.

"ಮೂರು ನೀರು ತೊಳೀತೀನಿ ಕಣಮ್ಮ," ಎಂದಳು ದ್ಯಾಮಮ್ಮ. ದನಿ ಈಗ ತಗ್ಗಿತ್ತು. "ತಳದಾಗೆ ಉಳಿದಿದ್ದನ್ನ ಬೆರಳಲ್ಲಿ ಆರಿಸಿ ಮತ್ತೆ ಮೂಟೆಗೆ ಹಾಕ್ತೀನಿ. ಒಂದೆರಡು ಉಳಕಂಡಿರಬೇಕು."

"ಕೈ ಯಾವಾಗಿಂದ ಹಿಂಗೆ?"

"ಶಿವರಾತ್ರಿ ಹಿಂದುಮುಂದು. ಒಸಡೂ ನೋಯ್ತವೆ. ಸಕ್ಕರೆ ಕಾಯಿಲೆ ಇರಬೇಕು ಅಂದ್ಕಂಡೆ."

"ಮಲಗೋದು ಎಲ್ಲಿ?"

"ಉಗ್ರಾಣದಾಗೆ. ಮೂಟೆ ಪಕ್ಕ. ಇಲಿ ಬರ್ತವಲ್ಲ."

ಬಾಗಿಲಲ್ಲಿ ನಿಂತಿದ್ದ ಬಸವೇಶ್ ಹೊಸ್ತಿಲ ಮೇಲೆ ಕುಸಿದು ಕೂತ. "ನನಗ್ಯಾಕೆ ಹೇಳ್ಲಿಲ್ಲ ನೀನು?"

"ಏನಂತ ಹೇಳ್ಲಿ? ನೀನು ಮೊದಲೇ ಹೆದರುಪುಕ್ಕ."

ಉಗ್ರಾಣದ ಮೂಟೆಗಳನ್ನು ಪಂಚರ ಮುಂದೆ ಸುರಿದು, ಸಿಕ್ಕ ಪಾದರಸವನ್ನು ಸೀಸೆಗೆ ತುಂಬಿ ಮೊಹರು ಮಾಡಲಾಯಿತು. ಅಂದು ಸಂಜೆ ಬಸವೇಶನನ್ನು ನೌಕರನಿಂದ ಕಳವು ಮತ್ತು ಪ್ರಾಣಾಪಾಯ ತರುವ ಕೃತ್ಯದ ಆರೋಪಗಳಲ್ಲಿ ದಸ್ತಗಿರಿ ಮಾಡಿದರು.

ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಹಿಂದಿನ ವರ್ಷ ದೀಪಾವಳಿ ಕಳೆದ ಮೇಲೆ ಒಬ್ಬ ಹುಡುಗಿಯ ತಾಯಿ ಹಾಸ್ಟೆಲಿಗೆ ಬಂದಿದ್ದಳು. ಮಗಳ ಸಾರಿನಲ್ಲಿ ನುಸಿ ತೇಲುತ್ತಿತ್ತು. ಆಕೆ ತಟ್ಟೆಯನ್ನು ಎತ್ತಿ ಅಷ್ಟೂ ಹುಡುಗಿಯರ ಎದುರಿಗೆ ದ್ಯಾಮಮ್ಮನ ತಲೆಯ ಮೇಲೆ ಬೋರಲು ಹಾಕಿದಳು. ಇನ್ನೊಂದು ನುಸಿ ಕಂಡರೆ ಕೆಲಸ ಬಿಡಬೇಕೆಂದು ಸಮಿತಿ ಹೇಳಿತು. ಮಕ್ಕಳಿಲ್ಲದ ದ್ಯಾಮಮ್ಮನಿಗೆ ಆ ಹುಡುಗಿಯರು ಬಿಟ್ಟರೆ ಬೇರೆ ಬದುಕಿರಲಿಲ್ಲ.

"ಆಕೆ ತಲೇಲಿದ್ದ ಬೇಳೆ ಒರೆಸಿದ್ದು ನಾನು ಸಾರ್," ಎಂದ ಬಸವೇಶ್. ಅದರಾಚೆಗೆ ಅವನ ಬಳಿ ಕಾರಣ ಇರಲಿಲ್ಲ.

ಹುಡುಗಿಯರ ರಕ್ತ ಪರೀಕ್ಷೆಯಾಯಿತು. ಇಬ್ಬರನ್ನು ಮಾತ್ರ ಕೆಲವು ದಿನ ನಿಗಾದಲ್ಲಿಟ್ಟು ಕಳಿಸಿದರು. ದ್ಯಾಮಮ್ಮ ಚಿತ್ರದುರ್ಗದ ಆಸ್ಪತ್ರೆಯಲ್ಲೇ ಉಳಿದಳು. ಕೈ ಮೊದಲಿನಂತಾಗುತ್ತದೆಂದು ವೈದ್ಯರು ಮಾತು ಕೊಡಲಿಲ್ಲ.

ವಾರ ಕಳೆದು ನಾಗಶ್ರೀ ಅವಳ ಹೇಳಿಕೆ ಪಡೆಯಲು ಹೋದಳು. ಗಂಡ ಜೈಲಿನಲ್ಲಿರುವುದನ್ನು ಹೇಳಿದಾಗ ದ್ಯಾಮಮ್ಮ ಕಿಟಕಿಯಾಚೆ ಕೋಟೆಯ ಬಂಡೆ ನೋಡುತ್ತಾ ಕೂತಿದ್ದಳು. ಬರೆದದ್ದನ್ನು ಓದಿ ಹೇಳಿದ ಮೇಲೆ ಕೇಳಿದಳು:

"ಮೂಟೆ ಎಲ್ಲಾ ಸುರಿದು ನೋಡಿದ್ರಂತೆ?"

"ಹೂಂ."

"ನುಸಿ ಇತ್ತಾ?"

ಹೆಬ್ಬೆಟ್ಟು ಒತ್ತಲು ಚಾಚಿದ ಆ ಕೈ ಕಾಗದದ ಮೇಲೆ ಎಲ್ಲೂ ನಿಲ್ಲುತ್ತಿರಲಿಲ್ಲ. ನಾಗಶ್ರೀ ಮಣಿಕಟ್ಟನ್ನು ಹಿಡಿದು ನಿಲ್ಲಿಸಿ, ಒತ್ತಿಸಿದಳು.

"ಒಂದೂ ಇರಲಿಲ್ಲ ಕಣಮ್ಮ."